ಸಿಡ್ಲಕುಂಟೆಯ ಗಂಟು

ನಮ್ಮ ತಾಲ್ಲೂಕು ಕಚೇರಿಯ ಗೇಟಿನ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಬೆಂಗಳೂರು ಗ್ರಾಮಾಂತರದಲ್ಲಿ ಇರುವುದೇ ನಾಲ್ಕು, ಅದರಲ್ಲೊಂದು ಎಂದುಕೊಳ್ಳಿ. ನಾಳೆ ಬೆಳಿಗ್ಗೆಯೂ ಅದೇ ಗೇಟಿನ ಎದುರು ಷಟರ್ ಎತ್ತಬೇಕಾದವನು ನಾನು. ನನ್ನ ಹೆಸರನ್ನೇನೂ ಮುಚ್ಚಿಡುವುದಿಲ್ಲ, ಚಲಪತಿ.

ಜೆರಾಕ್ಸ್ ಬರೀ ಹೆಸರಿಗೆ. ನನ್ನ ನಿಜವಾದ ಕೆಲಸ ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು. ಕಾನೂನು ಬಂದ ವರ್ಷದಿಂದಲೂ ಬರೆಯುತ್ತಿದ್ದೇನೆ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ನೂರೈವತ್ತು ಪದ ದಾಟಬಾರದು. ಬರುವವರು ಮಾತ್ರ ಅಜ್ಜನ ಕಾಲದಿಂದ ಶುರುಮಾಡುತ್ತಾರೆ. ಯಾರು ಬೇಲಿ ಒತ್ತಿದರು, ಯಾರು ಪಂಚಾಯಿತಿ ಮುಂದೆ ಕೂಗಾಡಿದರು, ಎಲ್ಲ ಹೇಳಿ ಮುಗಿಸಿ ಕೊನೆಗೆ "ಯಾಕ್ ಹಿಂಗ್ ಮಾಡಿದ್ರು ಅಂತ ಕೇಳಿ ಬರೀರಿ ಸಾರ್" ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ಅರ್ಜಿ ಅಲ್ಲಿಗೇ ವಜಾ. ಕಾಗದ ಕೇಳಬಹುದು, ಕಾರಣ ಕೇಳುವ ಹಾಗಿಲ್ಲ. ಇದನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಹೇಳಿ ನನಗೆ ಸಾಕಾಗಿಹೋಗಿದೆ. ಅಷ್ಟು ಮಾಡಿಯೂ ಬರುವ ಉತ್ತರಗಳಲ್ಲಿ ಅರ್ಧಕ್ಕರ್ಧ ಒಂದೇ ಸಾಲು: ‘ಸದರಿ ಕಡತವು ಅಭಿಲೇಖಾಲಯದಲ್ಲಿ ಲಭ್ಯವಿರುವುದಿಲ್ಲ.’ ಅಭಿಲೇಖಾಲಯ ಎಂದರೆ ರೆಕಾರ್ಡ್ ರೂಮು. ಇಲ್ಲ ಎನ್ನುವುದಕ್ಕೆ ಇಷ್ಟು ದೊಡ್ಡ ದೊಡ್ಡ ಮಾತು.

ಆ ಸಾಲನ್ನು ಕಚೇರಿಯ ಸಾಹೇಬರು ಟೈಪ್ ಮಾಡಿಸಿ ಸಹಿ ಹಾಕುತ್ತಿದ್ದರು. ಆದರೆ ಅದಕ್ಕೊಂದು ಆಧಾರ ಬೇಕಲ್ಲ? ಅಂಗೈ ಅಗಲದ ಒಂದು ಚೀಟಿಯನ್ನು ಜೊತೆಗೆ ಲಗತ್ತಿಸುತ್ತಿದ್ದರು. ‘ಹುಡುಕಲಾಗಿ ಕಡತ ಸಿಕ್ಕಿರುವುದಿಲ್ಲ.’ ಕೆಳಗೆ ಗುಂಡಗುಂಡಗಿನ ಸಹಿ: ಮುನಿಗಂಗಮ್ಮ, ಡಿ ಗ್ರೂಪ್. ಆ ಸಹಿಯನ್ನು ಎಷ್ಟು ಸಲ ನೋಡಿದ್ದೇನೆಂದರೆ ಈಗ ಬೇಕಾದರೂ ಹಾಗೇ ಹಾಕಿ ತೋರಿಸಬಲ್ಲೆ. ನಾನು ಹೇಳಹೊರಟಿರುವುದು ಆಕೆಯ ವಿಷಯ.

ಮುನಿಗಂಗಮ್ಮನ ಊರು ತಿಮ್ಮೋಜನಹಳ್ಳಿ, ಊರಾಚೆಯ ಕಾಲೋನಿ. ಓದಿದ್ದು ಏಳನೇ ಕ್ಲಾಸು. ಗಂಡ ಸಂಜೀವಪ್ಪ ಗಾರೆ ಕೆಲಸದವನು. ಇಪ್ಪತ್ತನಾಲ್ಕನೇ ವಯಸ್ಸಿಗೆ ಕಚೇರಿಯ ಕಸ ಗುಡಿಸಲು ಬಂದವಳು. ಆಗಿನ ರೆಕಾರ್ಡ್ ಕೀಪರಿಗೆ ಮಂಡಿ ನೋವು, ಏಣಿ ಹತ್ತಲಾಗದು. "ಲೇ ಗಂಗಮ್ಮ, ಆ ಮೇಲಿನ ಗಂಟು ಇಳಿಸು" ಎಂದು ಅವನು ಕೂಗಿದಾಗಲೆಲ್ಲ ಪೊರಕೆ ಕೆಳಗಿಟ್ಟು ಹತ್ತಿದಳು. ಹತ್ತಿ ಇಳಿದು, ಹತ್ತಿ ಇಳಿದು, ಯಾವ ಊರಿನ ಗಂಟು ಎಲ್ಲಿದೆ ಎಂಬುದೆಲ್ಲ ಬಾಯಿಪಾಠವಾಯಿತು. ಹನ್ನೊಂದು ವರ್ಷಕ್ಕೆ ಕೆಲಸ ಕಾಯಂ ಆಯಿತು. ಊರಿಗೊಂದರಂತೆ, ದೊಡ್ಡ ಊರಾದರೆ ನಾಲ್ಕೈದರಂತೆ, ಕಡತಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಡುವುದು ಅಲ್ಲಿನ ಪದ್ಧತಿ. ಕಟ್ಟುವ ಬಟ್ಟೆಗೆ ಸರ್ಕಾರ ದುಡ್ಡು ಕೊಟ್ಟಿದ್ದು ಯಾವ ಕಾಲದಲ್ಲೋ. ಬಟ್ಟೆ ಹರಿದಾಗ ಮುನಿಗಂಗಮ್ಮ ತನ್ನ ಹಳೇ ಸೀರೆ ತಂದು ಕಟ್ಟುತ್ತಿದ್ದಳು. ಹಸಿರು ಅಂಚಿನದು ಯಾವ ಊರು, ಮದುವೆಯಲ್ಲಿ ಉಟ್ಟಿದ್ದ ಕೆಂಪಿನದು ಯಾವ ಊರು, ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಸಾಹೇಬರಿಗೆ ಕಡತ ಬೇಕಾದರೆ ಹತ್ತು ನಿಮಿಷದಲ್ಲಿ ಮೇಜಿನ ಮೇಲಿರುತ್ತಿತ್ತು. ಅರ್ಜಿದಾರನಿಗೆ ಬೇಕಾದರೆ ಸಿಗುತ್ತಿರಲಿಲ್ಲ. ಎಲ್ಲ ಸಲ ಹಾಗಲ್ಲ, ನಿಜವಾಗಿ ಗೆದ್ದಲು ತಿಂದವೂ ಇದ್ದವು. ಆದರೆ ಯಾವುದು ಗೆದ್ದಲು ತಿಂದದ್ದು, ಯಾವುದು ಮೇಲಿನವರ ಮಾತು ತಿಂದದ್ದು ಎಂದು ಹೊರಗೆ ನಿಂತವನಿಗೆ ಹೇಗೆ ಗೊತ್ತಾಗಬೇಕು? ಸಾಯಂಕಾಲ ಆಕೆ ಟೀಗೆಂದು ನನ್ನ ಅಂಗಡಿ ಪಕ್ಕಕ್ಕೆ ಬಂದಾಗ ನನಗೆ ತಡೆಯಲಾಗುತ್ತಿರಲಿಲ್ಲ.

"ಏನಕ್ಕಾ, ಇದೂ ಸಿಗ್ಲಿಲ್ವಾ? ಇಲಿ ತಿಂತೋ, ಗೆದ್ಲು ತಿಂತೋ?"

"ನನ್ ಕೇಳ್ಬೇಡ ಚಲಪತಿ. ಹುಡುಕು ಅಂದ್ರೆ ಹುಡುಕ್ತೀನಿ, ಬರಿ ಅಂದ್ರೆ ಬರೀತೀನಿ. ಎರಡೂ ಕೆಲ್ಸಾನೇ."

ಅಷ್ಟೇ ಹೇಳಿ ಟೀ ಊದಿಕೊಂಡು ಕುಡಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಸಂಜೀವಪ್ಪ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಮೂರು ವರ್ಷದ ಕೆಳಗೆ ಆಕೆ ನಿವೃತ್ತಳಾದಾಗ ಕಚೇರಿಯವರು ಹೊದಿಸಿದ ಶಾಲಿನ ಫೋಟೋ ತೆಗೆದು ಪ್ರಿಂಟ್ ಹಾಕಿಕೊಟ್ಟವನೂ ನಾನೇ. ಬೈದಾಡಿಕೊಂಡೇ ಇಪ್ಪತ್ತು ವರ್ಷ ಎದುರುಬದುರು ಕಳೆದರೆ ಅದೂ ಒಂದು ನೆಂಟಸ್ತಿಕೆ.

ಹೋದ ವರ್ಷದ ಪಿತೃಪಕ್ಷದಲ್ಲಿ ಮುನಿಗಂಗಮ್ಮ ಗಂಡನಿಗೆ ಎಡೆ ಇಡಲು ಸ್ಮಶಾನಕ್ಕೆ ಹೋದಳು. ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ಹೋಗಿ ನೋಡಿದರೆ ಸ್ಮಶಾನ ಇರಬೇಕಾದಲ್ಲಿ ಸಿಮೆಂಟ್ ಸ್ಲ್ಯಾಬಿನ ಕಾಂಪೌಂಡು ಎದ್ದಿತ್ತು. ಪಕ್ಕದ ಜಮೀನಿನಲ್ಲಿ ಲೇಔಟ್ ಮಾಡುವವರು ಕಾಲೋನಿಯವರ ಅರ್ಧ ಎಕರೆಯನ್ನೂ ಒಳಗೆ ಹಾಕಿಕೊಂಡಿದ್ದರು. ಗೇಟಿನಲ್ಲಿದ್ದ ಕಾವಲಿನವನು ಒಳಗೆ ಬಿಡಲಿಲ್ಲ. ಎಡೆಯನ್ನು ಗೋಡೆಯ ಈಚೆ ರಸ್ತೆ ಅಂಚಿನಲ್ಲಿಟ್ಟು ಊದುಬತ್ತಿ ಹಚ್ಚಿ ಬಂದಳು.

ಆಕೆಯ ಮಗ ಭೀಮರಾಜ್ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸದವನು. ಕಾಲೋನಿಯ ನಾಲ್ಕು ಜನರನ್ನು ಕರೆದುಕೊಂಡು ಲೇಔಟಿನ ಆಫೀಸಿಗೆ ಹೋಗಿ ಕೇಳಿದ. ಅವರು ಜಗಳವಾಡಲಿಲ್ಲ, ನೀರು ಕೊಟ್ಟು ಕೂರಿಸಿದರು. "ಸ್ಮಶಾನಕ್ಕೆ ಮಂಜೂರಾಗಿದೆ ಅಂತೀರಲ್ಲ, ಆರ್ಡರ್ ಇದ್ರೆ ತೋರ್ಸಿ, ನಾಳೇನೇ ಗೋಡೆ ಒಡೀತೀವಿ" ಎಂದರು. ಆರ್ಡರ್ ಆಗಿದ್ದು ಎಪ್ಪತ್ತೆಂಟರಲ್ಲಿ. ಪಂಚಾಯಿತಿಯಲ್ಲಿ ಅದರ ಪ್ರತಿ ಇಲ್ಲ, ಪಹಣಿಯಲ್ಲಿ ಬರೀ ‘ಸರ್ಕಾರಿ ಖರಾಬು’, ಅಂದರೆ ಸಾಗುವಳಿಗೆ ಬಾರದ ನೆಲ, ಎಂದಿದೆ. ಇದ್ದರೆ ತಾಲ್ಲೂಕು ಕಚೇರಿಯ ಕಡತದಲ್ಲಿ ಮಾತ್ರ.

ಮಾರನೆಯ ದಿನ ಮುನಿಗಂಗಮ್ಮ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಚಲಪತಿ, ಅರ್ಜಿ ಬರಿ."

"ಯಾರಿಗಕ್ಕಾ?"

"ನನಗೇ. ಅವರ ಎಡಗಡೆ ನನ್ ಜಾಗ ಅಂತ ಕಲ್ಲು ನೆಟ್ಟಿದೀನಿ ಕಣಪ್ಪ. ಈಗ ಸತ್ರೆ ನನ್ನ ಎಲ್ಲಿಗೆ ಹೊತ್ಕೊಂಡ್ ಹೋಗ್ತಾರೆ?"

ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಒಂದು ಕೆಟ್ಟ ಖುಷಿಯೂ ಆಯಿತು. ಬಾ ತಾಯಿ, ನಮ್ಮ ಸಾಲಿನಲ್ಲಿ ನೀನೂ ನಿಲ್ಲು ಎನ್ನಿಸಿತು. ಆಮೇಲೆ ಅದಕ್ಕೆ ನಾಚಿಕೆಯೂ ಆಯಿತು. ಕಡತದ ಸಂಖ್ಯೆ, ಇಸವಿ, ತಾರೀಖು ಎಲ್ಲವನ್ನೂ ಆಕೆಯೇ ಹೇಳಿದಳು, ಚೀಟಿ ನೋಡದೆ. ಅರ್ಜಿ ಮೂವತ್ತೆಂಟು ಪದಕ್ಕೆ ಮುಗಿಯಿತು. ನಾನು ಬರೆದ ಅರ್ಜಿಗಳಲ್ಲೇ ಅದು ತೀರಾ ಚಿಕ್ಕದು.

ಇಪ್ಪತ್ತೊಂಬತ್ತನೆಯ ದಿನ ಉತ್ತರ ಬಂತು. ‘ಸದರಿ ಕಡತವು ಅಭಿಲೇಖಾಲಯದಲ್ಲಿ ಲಭ್ಯವಿರುವುದಿಲ್ಲ.’ ಜೊತೆಗೆ ಅಂಗೈ ಅಗಲದ ಚೀಟಿ. ಈಗ ರೆಕಾರ್ಡ್ ರೂಮಿನಲ್ಲಿರುವ ಸಿಂಚನ ಎಂಬ ಹುಡುಗಿಯ ಸಹಿ. ನಾನು ಕಚೇರಿಯ ಕಡೆ ತಿರುಗಿ ಬಾಯಿಗೆ ಬಂದಂತೆ ಬೈದೆ. ಲೇಔಟಿನವರ ದುಡ್ಡು ಎಲ್ಲಿಯವರೆಗೆ ಹೋಗಿದೆ ನೋಡು ಎಂದೆ. ಮುನಿಗಂಗಮ್ಮ ಬೈಯಲಿಲ್ಲ. ಚೀಟಿಯ ಮೇಲೆ ಹೆಬ್ಬೆರಳು ಆಡಿಸಿ "ನನ್ ಥರಾನೇ ಬರ್ದವ್ಳೆ" ಎಂದಳು.

ಮೇಲ್ಮನವಿ ಹಾಕಿದೆವು. ಎರಡು ತಿಂಗಳ ಮೇಲೆ ವಿಚಾರಣೆಗೆ ಕರೆದರು. ಸಾಹೇಬರು ಹೊಸಬರು, ಒಳ್ಳೆಯ ಮಾತಿನವರು. "ಮೂರು ದಿನ ಹುಡುಕ್ಸಿದ್ದೀನಮ್ಮ. ತಿಮ್ಮೋಜನಹಳ್ಳಿ ಗಂಟೆಲ್ಲ ಸ್ಕ್ಯಾನ್ ಆಗಿದೆ, ಒಂದೊಂದು ಹಾಳೇನೂ ನೋಡಿದ್ದಾರೆ. ನೀವು ಇಲ್ಲೇ ಇದ್ದವರು, ನಿಮಗ್ಯಾಕೆ ಸುಳ್ಳು ಹೇಳ್ಲಿ?" ಎಂದರು. ನಾನು ವಾದಕ್ಕೆ ಸಿದ್ಧನಾಗಿ ಹೋಗಿದ್ದೆ. ಮುನಿಗಂಗಮ್ಮ ನನ್ನ ಕೈ ತಡೆದು ಒಂದೇ ಮಾತು ಕೇಳಿದಳು.

"ಎಲ್ಲಾ ಊರಿನ ಗಂಟೂ ಸ್ಕ್ಯಾನ್ ಆಗಿದ್ಯಾ ಸಾರ್?"

"ಜನ ಇರೋ ಊರಿಂದೆಲ್ಲ ಆಗಿದೆ. ಉಳಿದಿದ್ದು ಆಮೇಲೆ ಮಾಡ್ತಾರೆ."

ಆಕೆಯ ಮುಖ ಇಳಿದುಹೋಯಿತು. ಯಾಕೆಂದು ನನಗೆ ತಿಳಿಯಲಿಲ್ಲ. ಇನ್ನು ಉಳಿದದ್ದು ಮಾಹಿತಿ ಆಯೋಗ. ಅಲ್ಲಿ ನಮ್ಮ ಸರದಿ ಬರಲು ವರ್ಷವಾದರೂ ಬೇಕು. ಆ ವೇಳೆಗೆ ಲೇಔಟಿನಲ್ಲಿ ಸೈಟುಗಳು ಮಾರಾಟವಾಗಿ, ಸಂಜೀವಪ್ಪನ ತಲೆಯ ಮೇಲೆ ಯಾರದೋ ಮನೆಯ ಸಂಪು ಬಂದಿರುತ್ತದೆ. ನನಗೆ ಆ ದಿನ ಅಂಗಡಿ ಮುಚ್ಚಿ ಮನೆಗೆ ಹೋಗಿ ಮಲಗಿಬಿಡೋಣ ಎನ್ನಿಸಿತು. ಈ ಕಾನೂನಿನ ಮೇಲೆ ನನಗಿದ್ದ ಪ್ರೀತಿಯೆಲ್ಲ ಬತ್ತಿಹೋಗಿ ಎಷ್ಟೋ ವರ್ಷವಾಯಿತು. ಅಭ್ಯಾಸ ಮಾತ್ರ ಉಳಿದಿದೆ.

ಅದೇ ವಾರ ಹೊಸಕೋಟೆಯ ಹುಡುಗಿ ಪ್ರಿಯಾಂಕ ಬಂದಳು. ಬೆಂಗಳೂರಿನಲ್ಲಿ ಕಾನೂನು ಓದುವವಳು. ಅವಳ ಅಪ್ಪನ ಅರ್ಜಿಯೊಂದನ್ನು ನಾನು ಬರೆದಿದ್ದೆ. ಜೊತೆಗೆ ಕೆನ್ಯಾ ದೇಶದ ಒಬ್ಬಳು ಸಹಪಾಠಿ. ಆ ಹುಡುಗಿ ಆಫ್ರಿಕಾದ ದೇಶಗಳಲ್ಲಿ ಮಾಹಿತಿ ಹಕ್ಕು ಎಷ್ಟರಮಟ್ಟಿಗೆ ನಡೆಯುತ್ತಿದೆ ಎಂದು ಪ್ರಬಂಧ ಬರೆಯುತ್ತಿದ್ದಾಳಂತೆ, ಇಲ್ಲಿನದನ್ನೂ ಕಣ್ಣಾರೆ ನೋಡಬೇಕೆಂದು ಬಂದಿದ್ದಾಳಂತೆ. ನೋಡಮ್ಮ, ಚೆನ್ನಾಗಿ ನೋಡು ಎಂದು ಸ್ಟೂಲು ಹಾಕಿಕೊಟ್ಟೆ. ಮುನಿಗಂಗಮ್ಮ ಮೂಲೆಯಲ್ಲಿ ಟೀ ಲೋಟ ಹಿಡಿದು ಕೂತಿದ್ದಳು.

"ನಿಮ್ಮಲ್ಲೂ ಗಡುವು ಇದೆಯೇನಮ್ಮ?" ಎಂದೆ.

ಪ್ರಿಯಾಂಕ ಕೇಳಿ ಹೇಳಿದಳು. "ಕೆನ್ಯಾದಲ್ಲಿ ಇಪ್ಪತ್ತೊಂದು ದಿನ ಅಂತೆ ಅಂಕಲ್. ಸೌತ್ ಆಫ್ರಿಕಾದಲ್ಲಿ ನಮ್ ಥರ ಮೂವತ್ತು. ನೈಜೀರಿಯಾದಲ್ಲಿ ಏಳೇ ದಿನ."

"ಏಳು ದಿನ! ಅಷ್ಟರೊಳಗೆ ಕೊಡ್ತಾರಾ?"

ಪ್ರಿಯಾಂಕ ಇದನ್ನು ಹೇಳಿದ ಕೂಡಲೇ ಆ ಹುಡುಗಿ ನಕ್ಕಳು. ಭಾಷೆ ಬೇಕಾಗಲಿಲ್ಲ. ಅದು ನಾವು ಕಚೇರಿ ಮುಂದೆ ನಗುವ ನಗೆಯೇ. ಕಾನೂನು ಓದಲು ಬಹಳ ಚೆನ್ನಾಗಿರುತ್ತದೆ, ಎಷ್ಟೋ ಕಡೆ ಅರ್ಜಿಗೆ ಉತ್ತರವೇ ಬರುವುದಿಲ್ಲ, ಬಂದರೂ ಇಲ್ಲ ಎಂದು ಬರುತ್ತದೆ ಎಂದಳಂತೆ. ಸಮುದ್ರದಾಚೆಯೂ ಇದೇ ಪಾಡು ಎಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತೋ ಏನೋ. ಇನ್ನಷ್ಟು ಸುಸ್ತಾಯಿತು.

ಆಗ ಮುನಿಗಂಗಮ್ಮ ಮೂಲೆಯಿಂದ ಕೇಳಿದಳು. "ಅಲ್ಲಿ ಗಂಟು ಕಟ್ಟೋರು ಯಾರಂತೆ, ಕೇಳವ್ವ."

ಈ ಪ್ರಶ್ನೆಯನ್ನು ಪ್ರಿಯಾಂಕ ಇಂಗ್ಲಿಷಿಗೆ ಹೇಗೆ ತಿರುಗಿಸಿದಳೋ ಗೊತ್ತಿಲ್ಲ. ಆ ಹುಡುಗಿ ನಗು ನಿಲ್ಲಿಸಿ ಮುನಿಗಂಗಮ್ಮನನ್ನೇ ನೋಡುತ್ತಾ ನಿಧಾನವಾಗಿ ಮಾತಾಡಿದಳು. ಪ್ರಿಯಾಂಕ ಹೇಳಿದಳು: "ಎಲ್ರೂ ಆಫೀಸರ್‌ಗಳು ಬಚ್ಚಿಡ್ತಾರೆ ಅಂದ್ಕೋತಾರೆ, ಕೆಲವರು ಬಚ್ಚಿಡೋದೂ ನಿಜ. ಆದ್ರೆ ಇವಳು ಹೋದ ಸುಮಾರು ಆಫೀಸಲ್ಲಿ ಯಾರೂ ಬಚ್ಚಿಟ್ಟಿರ್ಲಿಲ್ವಂತೆ. ಕಾಗದ ಅಲ್ಲೇ ಎಲ್ಲೋ ಇರುತ್ತೆ. ಎಲ್ಲಿ ಅಂತ ಗೊತ್ತಿರೋರು ರಿಟೈರ್ ಆಗಿ ಮನೇಗೆ ಹೋಗಿರ್ತಾರೆ. ಅವರನ್ನ ಯಾರೂ ಏನೂ ಕೇಳಿರಲ್ಲ, ಅವರೂ ಹೇಳಿರಲ್ವಂತೆ."

ಮುನಿಗಂಗಮ್ಮ ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದು ಹೋದಳು. ಹೇಳಿ ಹೋಗುವ ಅಭ್ಯಾಸದವಳು, ಆ ದಿನ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬರುವ ಮೊದಲೇ ಷಟರಿನ ಮುಂದೆ ಕೂತಿದ್ದಳು. ರಾತ್ರಿಯೆಲ್ಲ ನಿದ್ದೆ ಮಾಡಿದ ಮುಖವಲ್ಲ.

"ಅವ್ರು ಸುಳ್ಳು ಹೇಳ್ತಿಲ್ಲ ಚಲಪತಿ. ಹುಡುಗಿ ನಿಜವಾಗ್ಲೂ ಹುಡುಕವ್ಳೆ. ಫೈಲು ತಿಮ್ಮೋಜನಹಳ್ಳಿ ಗಂಟಲ್ಲಿಲ್ಲ. ನಾನೇ ತೆಗೆದು ಬೇರೆ ಕಡೆ ಇಟ್ಟಿದೀನಿ."

ನನಗೆ ಬೀಗದ ಕೈ ತಿರುಗಿಸುವುದೂ ಮರೆತುಹೋಯಿತು. ಆಕೆ ಹೇಳಿದ್ದು ಇಷ್ಟು.

ನಮ್ಮ ತಾಲ್ಲೂಕಿನ ದಾಖಲೆಯಲ್ಲಿ ಸಿಡ್ಲಕುಂಟೆ ಎಂಬ ಊರಿದೆ. ಊರಿನಲ್ಲಿ ಒಂದು ಮನೆಯೂ ಇಲ್ಲ. ಎಂದೋ ಜನ ಬಿಟ್ಟುಹೋದ ಇಂಥ ಊರನ್ನು ಕಂದಾಯ ಇಲಾಖೆಯವರು ಬೇಚರಾಕ್ ಗ್ರಾಮ ಎನ್ನುತ್ತಾರೆ. ಜನವೇ ಇಲ್ಲದ ಮೇಲೆ ಅರ್ಜಿ ಹಾಕುವವರು ಯಾರು? ಅದರ ಗಂಟನ್ನು ಯಾರೂ ಕೇಳುವುದಿಲ್ಲ, ಯಾರೂ ಬಿಚ್ಚುವುದಿಲ್ಲ.

ಎರಡು ಸಾವಿರದ ಹನ್ನೊಂದರಲ್ಲಿ ಹೊನ್ನಕುಂಟೆಯ ದೊಡ್ಡಮುನಿಯಪ್ಪ ಎಂಬ ರೈತ ತನ್ನ ಅಪ್ಪನಿಗೆ ಸರ್ಕಾರ ಮಂಜೂರು ಮಾಡಿದ ಒಂದೂವರೆ ಎಕರೆಯ ಕಡತ ಕೇಳಿ ಅರ್ಜಿ ಹಾಕಿದ್ದ. ನನ್ನ ಹತ್ತಿರವೇ ಬರೆಸಿದ್ದು. ಆ ಜಮೀನಿನ ಮೇಲೆ ದೊಡ್ಡವರೊಬ್ಬರ ಕಣ್ಣಿತ್ತು. ಆಗಿನ ಸಾಹೇಬರು ಮುನಿಗಂಗಮ್ಮನನ್ನು ಕರೆದು ಆ ಕಡತ ತಂದು ತಮ್ಮ ಕೈಗೆ ಕೊಡು, ಇಲ್ಲ ಎಂದು ಚೀಟಿ ಬರಿ ಎಂದರು. ಕೊಟ್ಟರೆ ಅದು ಉಳಿಯುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಗೆದ್ದಲು ಹಿಡಿದು ಹೋಗಿದೆ ಸಾರ್ ಎಂದು ಸಾಹೇಬರಿಗೂ ಸುಳ್ಳು ಹೇಳಿದಳು, ಇಲ್ಲ ಎಂದು ಚೀಟಿಯನ್ನೂ ಬರೆದಳು, ಕಡತವನ್ನು ಸಿಡ್ಲಕುಂಟೆಯ ಗಂಟಿಗೆ ಸೇರಿಸಿ ಕಟ್ಟಿಬಿಟ್ಟಳು.

"ಹರಿಯೋಕೆ ಮನಸ್ ಬರ್ಲಿಲ್ಲ. ಇದೆ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ. ಎಂದಾದ್ರೂ ಒಳ್ಳೆ ಸಾಹೇಬ್ರು ಬಂದಾಗ ತೆಗೆದು ಕೊಟ್ರಾಯ್ತು ಅನ್ಕೊಂಡೆ. ಬಂದ್ರು, ಹೋದ್ರು. ನಾನು ತೆಗೀಲಿಲ್ಲ."

ಆಮೇಲೆ ಹತ್ತೊಂಬತ್ತರಲ್ಲಿ ಒಬ್ಬ ಬ್ರೋಕರು ತಿಮ್ಮೋಜನಹಳ್ಳಿಯ ಸ್ಮಶಾನದ ಕಡತ ಎಲ್ಲಿದೆ ಎಂದು ಕಚೇರಿಯಲ್ಲಿ ವಿಚಾರಿಸುತ್ತಾ ಸುಳಿದಾಡಿದ. ಆಕೆ ಹಿಂದೆಮುಂದೆ ನೋಡದೆ ಅದನ್ನೂ ಒಯ್ದು ಸಿಡ್ಲಕುಂಟೆಯ ಗಂಟಿಗೆ ಹಾಕಿದಳು. ಅದೇ ವರ್ಷ ಸಂಜೀವಪ್ಪ ಸತ್ತ. ಆಮೇಲೆ ನಿವೃತ್ತಿ, ಶಾಲು, ಫೋಟೋ. ಬೀಗದ ಕೈ ಒಪ್ಪಿಸುವಾಗ ಪಟ್ಟಿಯಲ್ಲಿ ‘ಸಿಡ್ಲಕುಂಟೆ, ಬೇಚರಾಕ್, ಗಂಟು ಒಂದು’ ಎಂದಷ್ಟೇ ಬರೆದಿತ್ತು. ಸ್ಕ್ಯಾನ್ ಮಾಡುವವರು ಎಲ್ಲ ಗಂಟೂ ಬಿಚ್ಚುತ್ತಾರೆ, ಆಗ ತಾನಾಗಿ ಹೊರಬರುತ್ತದೆ, ತಾನು ಬಾಯಿ ಬಿಡಬೇಕಾಗಿಲ್ಲ ಎಂದು ನಂಬಿ ನನ್ನ ಹತ್ತಿರ ಅರ್ಜಿ ಬರೆಸಿದ್ದಳು. ಬಚ್ಚಿಡಲು ಅಷ್ಟು ಒಳ್ಳೆಯ ಜಾಗ ಆರಿಸಿದ್ದಳು ನೋಡಿ, ಸರ್ಕಾರದ ಮಿಷನ್ನಿನ ಕಣ್ಣಿಗೂ ಅದು ಬೀಳಲಿಲ್ಲ.

ನನಗೆ ಸಿಟ್ಟು ಬಂತು. ದೊಡ್ಡಮುನಿಯಪ್ಪ ಆ ಚೀಟಿ ಹಿಡಿದು ನನ್ನ ಇದೇ ಅಂಗಡಿಯ ಮುಂದೆ ನಿಂತದ್ದು ನೆನಪಾಯಿತು. "ಇತ್ತು ಸಾಮಿ, ನಮ್ಮಪ್ಪ ನನ್ನ ಕೈಹಿಡ್ಕೊಂಡ್ ಬಂದು ಸೈನ್ ಹಾಕಿದ್ದು ನಾನೇ ನೋಡಿದೀನಿ" ಎಂದು ಮತ್ತೆ ಮತ್ತೆ ಹೇಳಿದ್ದ. ಅಲೆದು ಅಲೆದು ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಜಮೀನು ಅದಕ್ಕೆ ಮುಂಚೆಯೇ ಹೋಗಿತ್ತು. ಇದನ್ನೆಲ್ಲ ಆಕೆಗೆ ಹೇಳಬೇಕೆಂದಿದ್ದೆ. ಆಕೆಗೆ ಗೊತ್ತಿತ್ತು. ನನಗಿಂತ ಮೊದಲೇ ಗೊತ್ತಿತ್ತು.

ಈಗ ಕಡತ ತೆಗೆಯುವುದು ಹೇಗೆ? ಒಳಗೆ ಹೋಗಿ ಹೀಗೆ ಇಟ್ಟಿದ್ದೇನೆ ಎಂದು ಬಾಯಿಮಾತಲ್ಲಿ ಹೇಳಿದರೆ ಸಂಜೆಯೊಳಗೆ ಲೇಔಟಿನವರಿಗೆ ಸುದ್ದಿ ಹೋಗುತ್ತದೆ, ಆ ಕಚೇರಿಯ ಗೋಡೆಗೆ ಅಷ್ಟು ಕಿವಿ. ಸಿಡ್ಲಕುಂಟೆಯ ಹೆಸರಿನಲ್ಲೇ ಇನ್ನೊಂದು ಅರ್ಜಿ ಹಾಕುವುದು ಒಂದೇ ದಾರಿ. ಆ ಸಂಜೆ ಭೀಮರಾಜ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ನೇರ ಅಂಗಡಿಗೆ ಬಂದ. ಎಲ್ಲ ಕೇಳಿ ತಲೆ ಹಿಡಿದುಕೊಂಡು ಕೂತ.

"ಅಮ್ಮ, ಗಂಟಲ್ಲಿರೋ ನಮ್ಮ ಸ್ಮಶಾನದ ಹಾಳೆ ಮಾತ್ರ ಕೇಳೋಣ. ಇನ್ನೊಂದರ ಸುದ್ದಿ ಬೇಡ. ಸುಳ್ಳು ಚೀಟಿ ಬರ್ದಿದ್ದೆ ಅಂತ ಆಚೆ ಬಂದ್ರೆ ನಿನ್ನ ಪಿಂಚಣೀಗೇ ಕೈ ಹಾಕ್ತಾರೆ."

"ಅವನು ಹೇಳೋದು ಸರಿ ಅಕ್ಕಾ" ಎಂದೆ ನಾನು. ಇಪ್ಪತ್ತು ವರ್ಷ ಮಾಹಿತಿ ಹಕ್ಕು ಎಂದು ಬಡಿದಾಡಿದವನು, ನಾನೇ ಹಾಗೆಂದೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಮುನಿಗಂಗಮ್ಮ ಎದ್ದು ಮಗನ ಬೈಕ್ ಹತ್ತಿದಳು. ಹದಿನೈದು ದಿನ ಈ ಕಡೆ ಬರಲೇ ಇಲ್ಲ. ಬಂದ ದಿನ ನಿಂತುಕೊಂಡೇ ಮಾತಾಡಿದಳು.

"ಪೂರ್ತಿ ಗಂಟು ಬರಿ ಚಲಪತಿ. ಒಂದು ಹಾಳೆ ಬಿಡ್ದಂಗೆ. ನಂದು ಮಾತ್ರ ತಗೊಂಡು, ಅವನದ್ದ ಅಲ್ಲೇ ಬಿಟ್ಟು ಬಂದ್ರೆ, ನಾಳೆ ಆ ಮಣ್ಣಲ್ಲಿ ನನಗೆ ನಿದ್ದೆ ಬರಲ್ಲ."

ಬರೆದೆ. ‘ಸಿಡ್ಲಕುಂಟೆ ಬೇಚರಾಕ್ ಗ್ರಾಮದ ಗಂಟಿನಲ್ಲಿರುವ ಎಲ್ಲಾ ಕಡತಗಳ ದೃಢೀಕೃತ ಪ್ರತಿ.’ ಆ ಒಂದು ತಿಂಗಳು ನನಗೂ ನೆಮ್ಮದಿಯಿರಲಿಲ್ಲ. ಗಂಟೇ ಇಲ್ಲದಿದ್ದರೆ? ಬೇಡದ್ದೆಂದು ತೂಕಕ್ಕೆ ಹಾಕಿಬಿಟ್ಟಿದ್ದರೆ? ಇಪ್ಪತ್ತೆಂಟನೆಯ ದಿನ ಸಿಂಚನ ತಾನೇ ಅಂಗಡಿಗೆ ಬಂದಳು.

"ಅಂಕಲ್, ಈ ಸಿಡ್ಲಕುಂಟೆ ನಿಮಗ್ಯಾಕೆ? ನಾನು ಕೆಲ್ಸಕ್ಕೆ ಸೇರಿದ್ಮೇಲೆ ಆ ಹೆಸರೇ ಕೇಳಿರ್ಲಿಲ್ಲ. ಯಾರ್ದೋ ನೀಲಿ ಸೀರೆ ಸುತ್ತಿ, ಬಿಚ್ಚೋಕೇ ಆಗ್ದಂಗೆ ಗಂಟು ಹಾಕಿದ್ರು. ಅರವತ್ಮೂರು ಹಾಳೆ ಇದೆ, ಬಂದು ತಗೊಳ್ಳಿ."

ಮುನಿಗಂಗಮ್ಮ ಸ್ಟೂಲಿನ ಮೇಲೆ ಇದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಸಿಂಚನ ಗಾಬರಿಯಾಗಿ ನೀರು ತಂದು ಕೊಟ್ಟಳು.

ಸ್ಮಶಾನದ ಆದೇಶ ಸಿಕ್ಕಿತು, ನಕಾಶೆ ಸಮೇತ. ಸಿಕ್ಕ ಮೇಲೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಅಳತೆಯವರು ಬಂದು ಅರ್ಧ ಎಕರೆಗೆ ಕಲ್ಲು ಹಾಕಿದರು. ಲೇಔಟಿನವರು ಕೋರ್ಟಿಗೆ ಹೋಗಿದ್ದಾರೆ. ನಾಳೆಯೇ ಒಡೆಯುತ್ತೇವೆ ಎಂದ ಗೋಡೆ ಇನ್ನೂ ನಿಂತಿದೆ. ಒಳಗೆ ಹೋಗಿ ಬರಲು ಒಂದು ಬಾಗಿಲು ಬಿಟ್ಟಿದ್ದಾರೆ, ಈ ಸಲ ಎಡೆ ಒಳಗೇ ಇಟ್ಟರು. ದೊಡ್ಡಮುನಿಯಪ್ಪನ ಕಡತದ ವಿಷಯವನ್ನು ಮುನಿಗಂಗಮ್ಮ ಒಂದು ಬಿಳಿ ಹಾಳೆಯಲ್ಲಿ ಬರೆದು ತಾನೇ ಸಾಹೇಬರ ಕೈಗೆ ಕೊಟ್ಟಳು. ಅದಕ್ಕೆ ಮರುವಾರವೇ ನೋಟಿಸು ಬಂತು, ಹಾಗೆ ಯಾಕೆ ಮಾಡಿದಿರಿ, ಕಾರಣ ತಿಳಿಸಿ ಎಂದು. ನಾವು ಯಾಕೆ ಎಂದು ಕೇಳುವ ಹಾಗಿಲ್ಲ, ಅವರು ಕೇಳಬಹುದು. ಪಿಂಚಣಿಯ ಗತಿ ಏನಾಗುತ್ತದೋ ಇನ್ನೂ ಗೊತ್ತಿಲ್ಲ.

ನೋಟಿಸು ಬಂದ ಮಾರನೆಯ ದಿನ ಆಕೆ ನನ್ನ ಸ್ಕೂಟರಿನ ಹಿಂದೆ ಕೂತು ಹೊನ್ನಕುಂಟೆಗೆ ಹೊರಟಳು. ತೊಡೆಯ ಮೇಲೆ ದೊಡ್ಡಮುನಿಯಪ್ಪನ ಕಡತದ ಪ್ರತಿ, ಹದಿನೇಳು ಹಾಳೆ. ಅವನ ಹೆಂಡತಿ ದ್ಯಾವಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಮುನಿಗಂಗಮ್ಮ ಮೆಟ್ಟಿಲ ಮೇಲೆ ಕೂತು ಹಾಳೆಗಳನ್ನು ಅವಳ ಮುಂದಿಟ್ಟಳು.

"ಏನಿದು?"

"ನಿಮ್ಮ ಯಜಮಾನ್ರು ಕೇಳಿದ್ ಫೈಲು ದ್ಯಾವಮ್ಮೋರೆ. ಮಂಜೂರಾಗಿದ್ ಆರ್ಡರ್ ಇದೆ. ನಿಮ್ಮ ಮಾವನ ಸೈನೂ ಇದೆ."

ದ್ಯಾವಮ್ಮನಿಗೆ ಓದು ಬಾರದು. ಹಾಳೆ ಮುಟ್ಟಲೂ ಇಲ್ಲ. ಎದ್ದು ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದಳು. ಅದರಲ್ಲಿ ಸಾಹೇಬರ ಉತ್ತರ, ಅಂಗೈ ಅಗಲದ ಚೀಟಿ, ಗುಂಡಗುಂಡಗಿನ ಸಹಿ.

"ಇಲ್ಲ ಅಂತ ಸರ್ಕಾರಾನೇ ಬರ್ಕೊಟ್ಟೈತಲ್ಲಮ್ಮ."

"ಆ ಚೀಟಿ ಬರ್ದೋಳು ನಾನೇ. ಇದ್ದಿದ್ದ ಇಲ್ಲ ಅಂತ ಬರ್ದೆ."

ನಾನು ಬೈಗುಳಕ್ಕೆ ಕಾದು ನಿಂತಿದ್ದೆ. ಬೈದರೆ ವಾಸಿ ಎನ್ನಿಸುತ್ತಿತ್ತು. ದ್ಯಾವಮ್ಮ ಅವರೆಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಕೂತಳು.

"ಸಾಯೋಗಂಟ ಇತ್ತು ಇತ್ತು ಅಂತಲೇ ಇದ್ರು. ಊರೋರು ಸುಳ್ಳ ಮುನಿಯಪ್ಪ ಅಂತ ಹೆಸರಿಟ್ರು. ಮಕ್ಳು ನಗ್ತಿದ್ರು. ಆಸ್ಪತ್ರೇಲಿ ಕಡೇ ದಿನಾನೂ ಅದನ್ನೇ ಅಂದ್ರು. ಸುಮ್ನಿರಿ, ಇನ್ನೆಷ್ಟು ಸುಳ್ಳು ಹೇಳ್ತೀರಿ ಅಂತ ನಾನೇ ಬೈದೆ. ಆಮೇಲೆ ಮಾತಾಡ್ಲಿಲ್ಲ."

ಮುನಿಗಂಗಮ್ಮ ತಲೆ ತಗ್ಗಿಸಿ ಕೈ ಮುಗಿದಳು. ದ್ಯಾವಮ್ಮ ಆ ಕೈಯನ್ನು ಹಿಡಿದು ಎಬ್ಬಿಸಿದಳು, ಸಮಾಧಾನಕ್ಕಲ್ಲ.

"ನನಗ್ ಹೇಳಿ ಏನ್ ಬಂತು? ಬಾ."

ಮನೆಯ ಹಿಂದೆ, ಕೆರೆ ಅಂಗಳದ ಪಕ್ಕ, ದೊಡ್ಡಮುನಿಯಪ್ಪನನ್ನು ಹೂತ ಗುಡ್ಡೆ. ಹೊಲದಲ್ಲೇ ಮಣ್ಣು ಮಾಡಿ ಎಂದಿದ್ದನಂತೆ, ಹೊಲವಿರಲಿಲ್ಲ. ಸುತ್ತ ಲಂಟಾನ ಬೆಳೆದಿತ್ತು. ದ್ಯಾವಮ್ಮ ಗುಡ್ಡೆಯ ತಲೆಯ ಕಡೆ ಕೂತು, ಓದು ಎಂದಳು. ಮುನಿಗಂಗಮ್ಮ ಕನ್ನಡಕ ಹಾಕಿಕೊಂಡು ಮೊದಲ ಹಾಳೆ ಓದಿದಳು, ಹಿಂದೆ ರೆಕಾರ್ಡ್ ರೂಮಿನಲ್ಲಿ ಏಣಿಯ ಮೇಲೆ ನಿಂತು ಕೂಗಿ ಹೇಳುತ್ತಿದ್ದ ದನಿಯಲ್ಲೇ. ಕಡತದ ಸಂಖ್ಯೆ, ಇಸವಿ, ಗ್ರಾಮ, ಸರ್ವೆ ನಂಬರು, ಒಂದು ಎಕರೆ ಇಪ್ಪತ್ತು ಗುಂಟೆ, ಮಂಜೂರು ಮಾಡಿದೆ, ಸಹಿ, ಮೊಹರು. ಮಧ್ಯೆ ಒಂದೆರಡು ಸಲ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದಳು.

ಮುಗಿದ ಮೇಲೆ ದ್ಯಾವಮ್ಮ ಗುಡ್ಡೆಯ ಮೇಲಿನ ಒಣಗಿದ ಎಲೆಗಳನ್ನು ಕೈಯಿಂದ ಸರಿಸಿದಳು. ಬಗ್ಗಿ, ಮಲಗಿದವರನ್ನು ಎಬ್ಬಿಸುವಷ್ಟೇ ಮೆಲ್ಲಗೆ ಹೇಳಿದಳು.

"ಕೇಳ್ತಾ? ಇತ್ತಂತೆ."